ಬೇಕಾಗಿದ್ದಾರೆ: ಕಾಯಿಲೆಯಿಲ್ಲದ ಮುದುಕರು

ವೃದ್ಧರ ಆರೋಗ್ಯ ಕುರಿತ ವೈದ್ಯಕೀಯ ಸಂಶೋಧನೆಗೆ ದೊಡ್ಡ ಅಡ್ಡಿ ಯಾವುದೆಂದು ಕೇಳಿದರೆ ಹಣ, ಉಪಕರಣ, ಸರ್ಕಾರದ ಅನುಮತಿ ಎಂದು ಪಟ್ಟಿ ಮಾಡುವವರು ಈ ಕ್ಷೇತ್ರಕ್ಕೆ ಹೊಸಬರು. ನಿಜವಾದ ಅಡ್ಡಿ ವೃದ್ಧರೇ. ಒಂದು ಸಲಕ್ಕೆ ಒಂದೇ ಕಾಯಿಲೆ ಇಟ್ಟುಕೊಂಡು ಬರುವ ಶಿಸ್ತು ಅವರಲ್ಲಿಲ್ಲ. ರಕ್ತದೊತ್ತಡದ ಹೊಸ ಔಷಧವನ್ನು ಪರೀಕ್ಷಿಸೋಣವೆಂದು ಕರೆದರೆ ಶುಗರನ್ನೂ ಜೊತೆಗೆ ತರುತ್ತಾರೆ. ಮೊಣಕಾಲಿನ ಅಧ್ಯಯನವೆಂದರೆ ಕಿಡ್ನಿಯ ರಿಪೋರ್ಟುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತುಂಬಿಕೊಂಡು ಬಂದು, ಒಂದೊಂದನ್ನೇ ಬಿಚ್ಚಿ ಮೇಜಿನ ಮೇಲೆ ಹರಡುತ್ತಾರೆ. ಶುದ್ಧ ವಿಜ್ಞಾನಕ್ಕೆ ಇಂಥ ಬೆರಕೆ ಮುದುಕರಿಂದ ಆಗುವ ನಷ್ಟ ಅಷ್ಟಿಷ್ಟಲ್ಲ.

ಆದ್ದರಿಂದ ನಮ್ಮ ಬೆಂಗಳೂರಿನಲ್ಲಿ ಸಂಶೋಧನೆಗೆ ಹೊರಟವರು ತಮಗೆ ಬೇಕಾದ ವೃದ್ಧನನ್ನು ಮೊದಲು ಕಾಗದದ ಮೇಲೆ ಸೃಷ್ಟಿಸಿಕೊಳ್ಳುವುದು ಅನಿವಾರ್ಯವಾಗಿದೆ. ಈ ಆದರ್ಶ ಪುರುಷನಿಗೆ 60 ತುಂಬಿರಬೇಕು, ಆದರೆ 70 ದಾಟಿರಬಾರದು. ಅಧ್ಯಯನದ ಕಾಯಿಲೆಯೊಂದನ್ನು ಬಿಟ್ಟು ಬೇರೆ ಯಾವುದೂ ಅವನನ್ನು ಮುಟ್ಟಿರಬಾರದು. ಕಿವಿ ಚೆನ್ನಾಗಿ ಕೇಳಿಸಬೇಕು, ಕಣ್ಣಿಗೆ ಪೊರೆ ಬಂದಿರಬಾರದು. ಹದಿನಾಲ್ಕು ಪುಟಗಳ ಸಮ್ಮತಿ ಪತ್ರವನ್ನು ಓದಿ, ಅರ್ಥ ಮಾಡಿಕೊಂಡು, ಪ್ರತಿ ಪುಟದ ಕೆಳಗೂ ಕೈ ನಡುಗದಂತೆ ಸಹಿ ಹಾಕಬೇಕು. ಬುಧವಾರ ಬೆಳಿಗ್ಗೆ ಹತ್ತೂವರೆಗೆ ಸರಿಯಾಗಿ, ಖಾಲಿ ಹೊಟ್ಟೆಯಲ್ಲಿ, ಸಿಲ್ಕ್ ಬೋರ್ಡ್ ದಾಟಿಕೊಂಡು ಬರಬೇಕು. ಜೊತೆಗೆ ಅದೇ ಹೊತ್ತಿಗೆ ಆಫೀಸಿಗೆ ರಜೆ ಹಾಕಬಲ್ಲ ಮಗನೋ ಸೊಸೆಯೋ ಇರಬೇಕು. ಇಷ್ಟೆಲ್ಲ ಅರ್ಹತೆಯಿರುವ ಮನುಷ್ಯ ಲಾಲ್‌ಬಾಗಿನಲ್ಲಿ ಬೆಳಗಿನ ಜಾವ ಮೂರು ಸುತ್ತು ಹಾಕಿ, ನಗೆಕೂಟದಲ್ಲಿ ಕೈಯೆತ್ತಿ ನಕ್ಕು, ದರ್ಶಿನಿಯಲ್ಲಿ ನಿಂತೇ ಖಾಲಿ ದೋಸೆ ತಿಂದು ಮನೆಗೆ ಹೋಗುತ್ತಾನೆಯೇ ಹೊರತು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ ಎಂಬುದು ಬೇರೆ ಮಾತು.

ಹಾಗೆಂದು ನಿಯಮಗಳಿಲ್ಲವೆಂದು ಯಾರೂ ಭಾವಿಸಬಾರದು. ಔಷಧ ಪರೀಕ್ಷೆಗಳ ಅಂತರರಾಷ್ಟ್ರೀಯ ಮಾರ್ಗಸೂಚಿಗಳಲ್ಲಿ ಇ-7 ಎಂಬುದು 1993ರಷ್ಟು ಹಿಂದೆಯೇ ಎಲ್ಲವನ್ನೂ ಬರೆದಿಟ್ಟಿದೆ. ವೃದ್ಧರು ಬಳಸಲಿರುವ ಔಷಧವನ್ನು ವೃದ್ಧರ ಮೇಲೆಯೇ ಪರೀಕ್ಷಿಸಬೇಕು; ವಯಸ್ಸಿಗೆ ಮನಬಂದಂತೆ ಮೇಲ್ಮಿತಿ ಹಾಕಬಾರದು; 75 ದಾಟಿದವರನ್ನೂ ಹುಡುಕಿ ಸೇರಿಸಿಕೊಳ್ಳಬೇಕು; ಜೊತೆಗೆ ಬೇರೆ ಕಾಯಿಲೆಯಿದೆಯೆಂಬ ಕಾರಣಕ್ಕೆ ಅನಗತ್ಯವಾಗಿ ಯಾರನ್ನೂ ಹೊರಗಿಡಬಾರದು ಎಂದು ಅದು ಹೇಳುತ್ತದೆ. ಅಪರೂಪವಲ್ಲದ ಕಾಯಿಲೆಗಳಿಗೆ ಕನಿಷ್ಠ 100 ವೃದ್ಧರಾದರೂ ಇರಲಿ ಎಂದು ಸಂಖ್ಯೆಯನ್ನೂ ಕೊಟ್ಟಿದೆ. ಮೂರು ದಶಕಗಳಿಂದ ಈ ಮಾರ್ಗಸೂಚಿಯನ್ನು ಎಲ್ಲರೂ ಗೌರವಿಸುತ್ತಾ ಬಂದಿದ್ದಾರೆ. ನಮ್ಮಲ್ಲಿ ಹಿರಿಯರನ್ನು ಗೌರವಿಸುವ ರೀತಿಯಲ್ಲೇ, ಅಂದರೆ ಕಾಲಿಗೆ ನಮಸ್ಕರಿಸಿ, ಅವರ ಮಾತನ್ನು ಅಲ್ಲಿಗೇ ಬಿಟ್ಟು.

ಪರೀಕ್ಷೆಯಲ್ಲಿ ಉತ್ತೀರ್ಣವಾದ ಮಾತ್ರೆ ಕೊನೆಗೆ ಸೇರುವುದೆಲ್ಲಿಗೆ? ಬಸವನಗುಡಿಯ ಹಳೆಯ ಮನೆಯೊಂದರಲ್ಲಿ, 82 ವರ್ಷದ ಅಜ್ಜಿಯೊಬ್ಬರ ತಲೆದಿಂಬಿನ ಪಕ್ಕದಲ್ಲಿರುವ ಮೈಸೂರುಪಾಕಿನ ಖಾಲಿ ಡಬ್ಬಿಗೆ. ಆ ಡಬ್ಬಿಯ ಮುಚ್ಚಳ ತೆಗೆದು ನೋಡುವುದು ಯಾವ ಸಮ್ಮೇಳನಕ್ಕೆ ಹೋಗುವುದಕ್ಕಿಂತಲೂ ಮೇಲು. ತಳದಲ್ಲಿ ಬಿಪಿಗೆಂದು ಕೊಟ್ಟ ಅಮ್ಲೋಡಿಪಿನ್ ಸ್ಟ್ರಿಪ್ ಇದೆ. ಅದು ಕೆಲವರಿಗೆ ಪಾದ ಊದಿಸುತ್ತದೆ. ಪಾದ ಊದಿದ್ದನ್ನು ನೋಡಿದ ಎರಡನೆಯ ಡಾಕ್ಟರು ನೀರು ಇಳಿಯುವ ಮಾತ್ರೆ ಬರೆದರು. ನೀರಿನ ಮಾತ್ರೆಯಿಂದಾಗಿ ಅಜ್ಜಿ ರಾತ್ರಿ ಎರಡು ಗಂಟೆಗೆ ಕತ್ತಲಲ್ಲಿ ಬಚ್ಚಲಿಗೆ ಎದ್ದು ಹೋಗುವಂತಾಯಿತು. ನಿದ್ದೆ ಕೆಡುತ್ತದೆ ಎಂದಾಗ ಮೂರನೆಯವರು ನಿದ್ದೆ ಮಾತ್ರೆ ಕೊಟ್ಟರು. ನಿದ್ದೆಗಣ್ಣಿನಲ್ಲಿ ಎದ್ದ ಅಜ್ಜಿ ಹೊಸ್ತಿಲು ಎಡವಿ ಬಿದ್ದರು. ನಾಲ್ಕನೆಯವರು ಮೂಳೆ ತಜ್ಞರು. ಅವರು ನೋವಿನ ಮಾತ್ರೆ, ಅದರಿಂದ ಹೊಟ್ಟೆ ಕೆಡದಿರಲೆಂದು ಗ್ಯಾಸ್ ಮಾತ್ರೆ, ಕೊನೆಗೆ ಕ್ಯಾಲ್ಸಿಯಂ ಸೇರಿಸಿದರು. ನೋವಿನ ಮಾತ್ರೆಗೆ ಬಿಪಿ ಏರುವುದುಂಟು, ಏರಿತು. ಮೊದಲನೆಯ ಡಾಕ್ಟರು ಅಮ್ಲೋಡಿಪಿನ್ ಪ್ರಮಾಣವನ್ನು ಎರಡು ಪಟ್ಟು ಮಾಡಿದರು. ನಾಲ್ವರೂ ತಮ್ಮ ತಮ್ಮ ಅಂಗಕ್ಕೆ ಸಂಬಂಧಿಸಿದಂತೆ ನಿಷ್ಕಳಂಕವಾದ ಚಿಕಿತ್ಸೆಯನ್ನೇ ನೀಡಿದ್ದಾರೆ. ಆ ಅಂಗಗಳೆಲ್ಲ ಒಬ್ಬರೇ ಅಜ್ಜಿಗೆ ಸೇರಿದವು ಎಂಬ ಮಾಹಿತಿ ಯಾವ ಫೈಲಿನಲ್ಲೂ ಇರಲಿಲ್ಲ.

ಇದು ಯಾರಿಗೂ ತಿಳಿಯದ ರಹಸ್ಯವಲ್ಲ. ಒಂದು ಔಷಧದ ಅಡ್ಡಪರಿಣಾಮವನ್ನೇ ಹೊಸ ಕಾಯಿಲೆಯೆಂದು ಎಣಿಸಿ ಮತ್ತೊಂದು ಔಷಧ ಬರೆಯುವ ಈ ಸರಪಳಿಯನ್ನು ಪಾಲಾ ರೋಷನ್ ಮತ್ತು ಜೆರಿ ಗುರ್ವಿಟ್ಜ್ ಎಂಬ ವೈದ್ಯರು 1997ರಲ್ಲಿಯೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವಿವರಿಸಿದ್ದರು. ವಯಸ್ಸಾದವರಿಗೆ ಸಾಧ್ಯವಾದಷ್ಟು ಕೊಡಬಾರದ ಔಷಧಗಳ ಪಟ್ಟಿಯನ್ನು ಮಾರ್ಕ್ ಬಿಯರ್ಸ್ ಅದಕ್ಕೂ ಮೊದಲು, 1991ರಲ್ಲಿ ಪ್ರಕಟಿಸಿದರು. ಆ ಪಟ್ಟಿ ಇಂದಿಗೂ ಪರಿಷ್ಕರಣೆಯಾಗುತ್ತಿದೆ. ನಿದ್ದೆ ಮಾತ್ರೆಗಳೂ ಹಳೆಯ ಕಾಲದ ಅಲರ್ಜಿ ಮಾತ್ರೆಗಳೂ ಅದರಲ್ಲಿವೆ. ಅದೇ ಅಲರ್ಜಿ ಔಷಧವನ್ನು ಒಳಗೊಂಡ ನೆಗಡಿ ಮಾತ್ರೆಯನ್ನು ನಮ್ಮ ಮೆಡಿಕಲ್ ಶಾಪಿನ ಹುಡುಗ, “ಅಜ್ಜೀ, ಇದು ತಗೊಂಡು ಆರಾಮಾಗಿ ಮಲಗಿ” ಎಂದು ಚೀಟಿಯಿಲ್ಲದೆಯೇ ಕೊಡುತ್ತಾನೆ. ಅಜ್ಜಿ ಮಲಗಿ ಎದ್ದಮೇಲೆ ಮಾತು ಸ್ವಲ್ಪ ತಡವರಿಸಿದರೆ ಮನೆಯವರು ಗಾಬರಿಯಾಗಿ ನೆನಪಿನ ಶಕ್ತಿಯ ಪರೀಕ್ಷೆಗೆ ಕರೆದೊಯ್ಯುತ್ತಾರೆ.

ಆ ಪರೀಕ್ಷೆಯ ವೈಭವವನ್ನು ಇಲ್ಲಿ ವರ್ಣಿಸದಿದ್ದರೆ ಅನ್ಯಾಯವಾದೀತು. ಜಗತ್ತಿನಾದ್ಯಂತ ಚಾಲ್ತಿಯಲ್ಲಿರುವ 30 ಅಂಕಗಳ ಪ್ರಶ್ನಾವಳಿಯೊಂದು 1975ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಇದು ಯಾವ ಋತು, ಇದು ಯಾವ ಊರು, ಎಷ್ಟನೇ ಮಹಡಿಯಲ್ಲಿದ್ದೀರಿ, ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂಬಂಥ ಪ್ರಶ್ನೆಗಳು ಅದರಲ್ಲಿವೆ. ಬೆಳಿಗ್ಗೆ ಸ್ವೆಟರ್, ಮಧ್ಯಾಹ್ನ ಫ್ಯಾನು, ಸಂಜೆ ಕೊಡೆ ಬೇಡುವ ಊರಿನಲ್ಲಿ ಕುಳಿತು ಇದು ಯಾವ ಋತುವೆಂದು ಹೇಳಬಲ್ಲವರ ಬುದ್ಧಿಸ್ಥಿಮಿತದ ಬಗ್ಗೆಯೇ ಸಂಶಯಪಡಬೇಕು. ಇನ್ನು ಸ್ಥಳ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದ ಮೇಲೆ, “ನೀವು ಯಾವ ನಗರ ಪಾಲಿಕೆಯಲ್ಲಿದ್ದೀರಿ?” ಎಂದು ಕೇಳಿದರೆ ಅಂಕ ಕಳೆದುಕೊಳ್ಳುವವರು ಮೇಜಿನ ಆಚೆ ಬದಿಯಲ್ಲಿ ಕುಳಿತವರೂ ಹೌದು.

ಶಾಲೆಯ ಮುಖ ನೋಡದವರನ್ನು ಲೆಕ್ಕದಲ್ಲಿ ಫೇಲು ಮಾಡಿ ಮರೆವಿನ ರೋಗಿ ಎಂದು ಬರೆಯುವುದು ತಪ್ಪೆಂದು ಮನಗಂಡು, ಹರಿಯಾಣದ ಬಲ್ಲಭಗಢದ ಹಳ್ಳಿಗಳಿಗಾಗಿ ಇದನ್ನು 1990ರ ದಶಕದಲ್ಲಿಯೇ ಹಿಂದಿಯಲ್ಲಿ ಮಾರ್ಪಡಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಪರೀಕ್ಷಾ ಸಾಮಗ್ರಿಯನ್ನು ಸಿದ್ಧಪಡಿಸಿದೆ. ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ, ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳವರನ್ನೇ ವರ್ಷಗಟ್ಟಲೆ ಅಧ್ಯಯನ ಮಾಡುತ್ತಿದ್ದಾರೆ. ಹೀಗೆ ಜನ ಇರುವಲ್ಲಿಗೇ ಹೋಗಿ, ಅವರ ಭಾಷೆಯಲ್ಲೇ ಕೇಳುವ ಕೆಟ್ಟ ಚಾಳಿ ಎಲ್ಲರಿಗೂ ಹಬ್ಬಿದರೆ ಸ್ಟಾರ್ ಹೋಟೆಲುಗಳ ಸಭಾಂಗಣಗಳ ಗತಿಯೇನು ಎಂಬ ಚಿಂತೆ ನನ್ನದು.

ಬೀಳುವ ಸಂಭವವನ್ನು ಅಳೆಯುವುದಕ್ಕೂ ಒಂದು ಸರಳ ವಿಧಾನವಿದೆ. ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರಿಕೆ ಅಗತ್ಯ. ಇದನ್ನು ಆಸ್ಪತ್ರೆಯ ನುಣುಪಾದ ಕಾರಿಡಾರಿನಲ್ಲಿ ಮಾಡಿಸುತ್ತಾರೆ. ಗಾಂಧಿ ಬಜಾರಿನ ಆಸುಪಾಸಿನ ಯಾವುದಾದರೂ ಅಡ್ಡರಸ್ತೆಯ ಫುಟ್‌ಪಾತಿನಲ್ಲಿ, ಅಲುಗಾಡುವ ಚಪ್ಪಡಿಗೂ ನಿಲ್ಲಿಸಿದ ಸ್ಕೂಟರಿಗೂ ನಡುವೆ ಮಾಡಿಸಿದರೆ ಒಲಿಂಪಿಕ್ಸ್ ಓಟಗಾರರೂ ಅಪಾಯದ ಗುಂಪಿಗೆ ಸೇರುತ್ತಾರೆ.

ಮುದುಕರನ್ನೇ ಕರೆದು ಸಂಶೋಧನೆ ಮಾಡುವುದು ಅಸಾಧ್ಯವೆಂದು ವಾದಿಸುವವರಿಗೆ ಕೆಲವು ಅಹಿತಕರ ಉದಾಹರಣೆಗಳು ಎದುರಾಗುತ್ತವೆ. 80 ದಾಟಿದವರಿಗೆ ಬಿಪಿ ಚಿಕಿತ್ಸೆ ಕೊಡಬೇಕೇ ಬೇಡವೇ ಎಂಬ ಜಿಜ್ಞಾಸೆ ಬಹುಕಾಲ ನಡೆದಿತ್ತು. ಕೊನೆಗೆ ಯಾರೋ 80 ದಾಟಿದವರನ್ನೇ, ಅದೂ 3,845 ಮಂದಿಯನ್ನು, ಸೇರಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಹೈವೆಟ್ ಎಂಬ ಆ ಅಧ್ಯಯನದಲ್ಲಿ ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಹತ್ತು ವರ್ಷಗಳ ಬಳಿಕ ಆಸ್ಪ್ರೀ ಎಂಬ ಅಧ್ಯಯನ, ಆರೋಗ್ಯವಾಗಿರುವ 19,114 ಹಿರಿಯರನ್ನು ಪರಿಶೀಲಿಸಿ, ಹೃದಯಕ್ಕೆ ಒಳ್ಳೆಯದೆಂದು ದಿನಾ ನುಂಗುವ ಆಸ್ಪಿರಿನ್ ಅವರಿಗೆ ನಿರೀಕ್ಷಿಸಿದ ಪ್ರಯೋಜನ ನೀಡದೆ ರಕ್ತಸ್ರಾವವನ್ನು ಹೆಚ್ಚಿಸಿತು ಎಂದು ತೋರಿಸಿತು. ಒಂದು ಕಡೆ ಕೊಡಬೇಕಾದ ಮಾತ್ರೆ, ಇನ್ನೊಂದು ಕಡೆ ಬೇಡದ ಮಾತ್ರೆ. ಎರಡೂ ಗೊತ್ತಾದದ್ದು ಮುದುಕರನ್ನು ಒಳಗೆ ಬಿಟ್ಟಿದ್ದರಿಂದ.

ಇಂಥ ದುಸ್ಸಾಹಸ ಮರುಕಳಿಸದಂತೆ ನೋಡಿಕೊಳ್ಳಲು ನಮ್ಮಲ್ಲಿ ಸಹಜವಾದ ಏರ್ಪಾಡುಗಳಿವೆ. ಅಧ್ಯಯನದ ಕೊಠಡಿ ಮೂರನೆಯ ಮಹಡಿಯಲ್ಲಿರುತ್ತದೆ. ಲಿಫ್ಟಿನ ಬಾಗಿಲಿಗೆ “ದುರಸ್ತಿಯಲ್ಲಿದೆ” ಎಂಬ ಚೀಟಿ ಅಂಟಿರುತ್ತದೆ. ಮರುಭೇಟಿಯ ದಿನಾಂಕವನ್ನು ವಾಟ್ಸ್‌ಆ್ಯಪಿನಲ್ಲಿ, ಅದೂ ಇಂಗ್ಲಿಷಿನಲ್ಲಿ, ಅಮೆರಿಕದಲ್ಲಿರುವ ಮಗನ ನಂಬರಿಗೆ ಕಳಿಸುತ್ತಾರೆ. ಮೊದಲ ಮಹಡಿಯ ತಿರುವಿನಲ್ಲಿ ಉಸಿರು ಕಟ್ಟಿ ಕುಳಿತು, ಅಲ್ಲಿಂದಲೇ ಆಟೋ ಹಿಡಿದು ಮನೆಗೆ ಮರಳಿದವರ ಹೆಸರಿನ ಮುಂದೆ “ಮರುಭೇಟಿಗೆ ಬರಲಿಲ್ಲ, ಆಸಕ್ತಿಯಿಲ್ಲ” ಎಂದು ದಾಖಲಾಗುತ್ತದೆ. ಮೇಲಿನವರೆಗೆ ಹತ್ತಿ ಬಂದವರ ಹೃದಯ, ಮೊಣಕಾಲು, ಶ್ವಾಸಕೋಶ ಮೂರೂ ಉತ್ತಮ ಸ್ಥಿತಿಯಲ್ಲಿವೆ ಎಂಬುದು ಅಂತಿಮ ವರದಿಯ ಪ್ರಮುಖ ಆವಿಷ್ಕಾರವಾಗುತ್ತದೆ.

ಇಷ್ಟಾದರೂ ನಿಗದಿತ ಸಂಖ್ಯೆಯ ವೃದ್ಧರು ಸಿಗದಿದ್ದಾಗ ತಂಡಕ್ಕೆ ಉಳಿದಿರುವುದು ಒಂದೇ ದಾರಿ: ವೃದ್ಧರ ಅಧ್ಯಯನಕ್ಕೆ ಸೇರುವ ಕನಿಷ್ಠ ವಯಸ್ಸನ್ನು 60ರಿಂದ 45ಕ್ಕೆ ಇಳಿಸಿ, ಹೆಚ್ಚುವರಿ ಷರತ್ತಾಗಿ ಮೆಟ್ಟಿಲು ಹತ್ತುವ ಸಾಮರ್ಥ್ಯವನ್ನು ಸೇರಿಸುವುದು. ಈ ತಿದ್ದುಪಡಿಗೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯ ಅಧ್ಯಕ್ಷರಿಗೆ 78 ವರ್ಷ, ಸಭೆ ನಡೆಯುವುದೂ ಅದೇ ಮೂರನೆಯ ಮಹಡಿಯಲ್ಲಿ. ಆದ್ದರಿಂದ ಕೋರಂ ಇಲ್ಲದೆ ಸಭೆಯನ್ನು ಮುಂದಿನ ಬುಧವಾರಕ್ಕೆ ಮುಂದೂಡಲಾಗಿದೆ.