ಮಂಕಿ ಟಾಪ್ ನೋಡಿ, ವಠಾರ ದಾಟಿ ಮುಂದೆ ನಡೀರಿ

ನಿನ್ನೆ ಬೆಳಿಗ್ಗೆ ಮಲ್ಲೇಶ್ವರದಲ್ಲಿ ಹೆರಿಟೇಜ್ ವಾಕ್‌ಗೆ ಹೋಗಿದ್ದೆ. ತಲೆಗಿಷ್ಟು ಅಂತ ದುಡ್ಡು ಕಟ್ಟಿ, ಟೋಪಿ ಹಾಕಿಕೊಂಡು, ನಾನೇ ಹುಟ್ಟಿ ಬೆಳೆದ ಬೀದಿಗಳನ್ನು ನೋಡುವ ಭಾಗ್ಯ. ಗೆಳತಿ ಬಿಡಲಿಲ್ಲ, ಎಳೆದುಕೊಂಡು ಹೋದಳು. ಆಗಿನಿಂದ ತಲೆ ಬಿಸಿಯಾಗಿದೆ. ಇಲ್ಲಿ ಬರೆದು ಇಳಿಸಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ವಾಕ್ ನಡೆಸಿದ ಹುಡುಗ ಒಳ್ಳೆಯವನೇ, ಓದಿಕೊಂಡವನು. ಒಂದು ಹಳೇ ಬಂಗಲೆಯ ಮುಂದೆ ನಿಲ್ಲಿಸಿ ಮಂಕಿ ಟಾಪ್ ತೋರಿಸಿದ. ಕಿಟಕಿಯ ಮೇಲೆ ಮರದ ಪಟ್ಟಿ ಜೋಡಿಸಿ ಮಾಡಿದ ಚೂಪು ಸೂರು, ಹಳೇ ಬೆಂಗಳೂರಿನ ಮನೆಗಳ ಗುರುತು. ಎಲ್ಲರೂ ಮೊಬೈಲ್ ಎತ್ತಿದರು. ಪಕ್ಕದ ಕಾಂಪೌಂಡಿನಲ್ಲೇ ಒಂದು ವಠಾರ ಒಡೆಯುತ್ತಿದ್ದರು. ಅರ್ಧ ಗೋಡೆ ಬಿದ್ದಿತ್ತು. ಮಂಗಳೂರು ಹೆಂಚುಗಳನ್ನು ಮಾರೋಕೆ ಅಂತ ಒಂದು ಕಡೆ ಪೇರಿಸಿದ್ದರು. ಅದೇನು ಅಂತ ಯಾರೋ ಕೇಳಿದರು. ‘ಅದೇನಿಲ್ಲ, ಹಳೇ ಬಾಡಿಗೆ ಮನೆಗಳು’ ಅಂದ. ಗುಂಪು ಮುಂದೆ ಹೋಯಿತು.

ಅದೇನಿಲ್ಲ!

ನಾನು ವಠಾರದ ಹುಡುಗಿ ಅಂತ ನಿಮಗೆಲ್ಲ ಗೊತ್ತು. ಮುಂದೆ ಓನರ್ ಅಜ್ಜಿಯ ದೊಡ್ಡ ಮನೆ, ಪಕ್ಕದ ಸಂದಿಯಲ್ಲಿ ಒಳಗೆ ಹೋದರೆ ಎದುರುಬದುರು ಸಾಲು ಮನೆಗಳು, ಕೊನೆಯಲ್ಲಿ ಒಂದು ನಲ್ಲಿ. ನಮ್ಮ ಮಟ್ಟಿಗೆ ಮಲ್ಲೇಶ್ವರ ಅಂದರೆ ಆ ಸಂದಿ. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಎಲ್ಲ ಆಮೇಲೆ.

ಹುಡುಗ ಇತಿಹಾಸ ಸರಿಯಾಗಿಯೇ ಹೇಳಿದ. ಊರಿಗೆ ಹೆಸರು ಬಂದಿದ್ದು ಕಾಡು ಮಲ್ಲೇಶ್ವರನ ಗುಡಿಯಿಂದ. ಆ ಗುಡಿಗೆ ಶಿವಾಜಿಯ ಮಲತಮ್ಮ ಏಕೋಜಿಯ ಕಾಲದ ನಂಟು ಇದೆ. 1890ರ ದಶಕದಲ್ಲಿ ಬಡಾವಣೆಯ ಯೋಜನೆ. 1898ರಲ್ಲಿ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ತಪ್ಪಿಸಿಕೊಂಡು ಜನ ಇಲ್ಲಿಗೆ, ಬಸವನಗುಡಿಗೆ ಬಂದರು. ಅಗಲ ರಸ್ತೆ, ಅಳತೆಗೆ ತಕ್ಕ ಕ್ರಾಸು, ಗಾಳಿ ಬೆಳಕು, ಮನೆ ಸುತ್ತ ಜಾಗ. ಆಮೇಲೆ ಸರ್ ಸಿ.ವಿ. ರಾಮನ್ ಅವರ ‘ಪಂಚವಟಿ’, ಸ್ಯಾಂಕಿ ಕೆರೆ, ಮುಗೀತು. ಇವನ ಮಲ್ಲೇಶ್ವರದಲ್ಲಿ ಇದ್ದವರೆಲ್ಲ ದಿವಾನರು, ವಿಜ್ಞಾನಿಗಳು, ಜಡ್ಜುಗಳು. ಹಾಲು ಹಾಕುವವನಿಗೆ ದುಡ್ಡು ಮುಂದಿನ ವಾರ ಕೊಡ್ತೀನಿ ಅಂದವರು ಒಬ್ಬರೂ ಇರಲಿಲ್ಲ ಅಂತ ಕಾಣುತ್ತೆ.

ಸ್ವಲ್ಪ ಲೆಕ್ಕ ನೋಡೋಣ. 1941ರಲ್ಲಿ ಬೆಂಗಳೂರಿನ ಜನ ಸುಮಾರು 4 ಲಕ್ಷ. 1951ಕ್ಕೆ ಹತ್ತಿರ ಹತ್ತಿರ 7.8 ಲಕ್ಷ. ಹತ್ತು ವರ್ಷದಲ್ಲಿ ಊರು ಡಬಲ್ ಆಗುತ್ತಾ ಬಂತು. 1953ರಲ್ಲಿ ಎಚ್ಎಂಟಿ, 1954ರಲ್ಲಿ ಬಿಇಎಲ್, ಎರಡೂ ಜಾಲಹಳ್ಳಿ ಕಡೆಯ ಕಾರ್ಖಾನೆಗಳು. ಈ ತುದಿಯಲ್ಲಿ ಮೊದಲಿಂದಲೂ ರಾಜಾ ಮಿಲ್, ಅದೇ ಈಗ ಮಾಲ್ ಇರುವ ಜಾಗ. ಅಲ್ಲಿಗೆಲ್ಲ ಕೆಲಸಕ್ಕೆ ಬಂದವರು ಎಲ್ಲಿ ಮಲಗುತ್ತಿದ್ದರು? ತುಮಕೂರಿಂದ, ಹಾಸನದಿಂದ, ಕೋಲಾರದಿಂದ ಟ್ರಂಕ್ ಹಿಡಿದು ಬಂದ ಗುಮಾಸ್ತರು, ಟೈಪಿಸ್ಟರು, ಫಿಟ್ಟರುಗಳು, ಸ್ಕೂಲು ಮೇಷ್ಟ್ರುಗಳು ಬಂಗಲೆ ಕಟ್ಟಿಸಿದರಾ? ಬಂಗಲೆಯವರು ಹಿತ್ತಲಲ್ಲಿ ಬಾವಿಕಟ್ಟೆ, ಮಾವಿನಮರ ಬಿಟ್ಟು ಉಳಿದ ಜಾಗದಲ್ಲಿ ಸಾಲು ಮನೆ ಎಬ್ಬಿಸಿದರು. ಯಜಮಾನರ ಪೆನ್ಷನ್ ಸಾಲುತ್ತಿರಲಿಲ್ಲ, ಬಾಡಿಗೆ ಬರುತ್ತಿತ್ತು. ಆ ಮಂಕಿ ಟಾಪಿಗೆ ವರ್ಷ ವರ್ಷ ಬಣ್ಣ ಹೊಡೆಸಿದ್ದು ಯಾರ ದುಡ್ಡು? ನಮ್ಮಪ್ಪ ಒಂದನೇ ತಾರೀಖು ಕೊಡುತ್ತಿದ್ದ ದುಡ್ಡು. ಅದನ್ನು ಯಾವ ವಾಕ್‌ನಲ್ಲೂ ಹೇಳುವುದಿಲ್ಲ.

ನಮ್ಮ ಮನೆ ಹೇಗಿತ್ತು ಅಂತ ಹೇಳುತ್ತೇನೆ. ಹಜಾರ, ಅಡುಗೆಮನೆ, ಬಚ್ಚಲು ಅಂತ ಒಂದು ಮೂಲೆ. ಕೆಂಪು ಗಾರೆ ನೆಲ. ಮನೆ ಮನೆಗೂ ನಡುವೆ ಇದ್ದ ಗೋಡೆ ಹೆಂಚಿನವರೆಗೆ ಹೋಗುತ್ತಿರಲಿಲ್ಲ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ನಿಂತುಬಿಡುತ್ತಿತ್ತು. ಮೇಲೆ ಎಲ್ಲರಿಗೂ ಒಂದೇ ಸೂರು. ಹಾಗಾಗಿ ಪಕ್ಕದ ಮನೆಯ ಒಗ್ಗರಣೆಗೆ ನಮ್ಮ ಮನೆಯಲ್ಲಿ ಸೀನು. ಅವರ ರೇಡಿಯೋದಲ್ಲಿ ನಮಗೆ ವಾರ್ತೆ. ಗಂಡ ಹೆಂಡತಿ ಜಗಳ ಆಡಬೇಕಾದರೆ ಪಿಸುಗುಟ್ಟಿಕೊಂಡೇ ಆಡಬೇಕು. ನಮ್ಮಮ್ಮ ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ತನ್ನಷ್ಟಕ್ಕೆ ಗೊಣಗಿದರೆ ಆ ಕಡೆಯಿಂದ ‘ಹಾಕಿದ್ರಿ ಕಣ್ರೀ, ಆಗ್ಲೇ ಡಬ್ಬಿ ಸದ್ದಾಯ್ತು’ ಅಂತ ಉತ್ತರ ಬರುತ್ತಿತ್ತು.

ಬಾಡಿಗೆ ಬರೆಯೋಕೆ ಒಂದು ಪುಟ್ಟ ನೋಟ್‌ಬುಕ್. ಅದರಲ್ಲಿ ಅಪ್ಪನೇ ಬರೆಯಬೇಕು. ಅಜ್ಜಿ ಸಹಿ ಹಾಕುತ್ತಿರಲಿಲ್ಲ, ರಸೀದಿ ಅಂತೂ ಕೇಳಲೇಬೇಡಿ. ಯಾಕೆ ಅಂತ ದೊಡ್ಡವಳಾದ ಮೇಲೆ ಗೊತ್ತಾಯಿತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಇತ್ತಲ್ಲ, ರಸೀದಿ ಕೈಗೆ ಸಿಕ್ಕಿದರೆ ಬಾಡಿಗೆದಾರ ಗಟ್ಟಿಯಾಗಿ ಕೂತುಬಿಡುತ್ತಾನೆ ಅನ್ನೋ ಭಯ. ಭಯ ಸುಳ್ಳೂ ಅಲ್ಲ. ಒಮ್ಮೆ ಹೊಕ್ಕವರನ್ನು ಬಿಡಿಸಬೇಕಾದರೆ ಕೋರ್ಟಿಗೆ ಅಲೆಯಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ 1999ರ ಕಾಯ್ದೆ ಬಂತು. ಬೆಂಗಳೂರಲ್ಲಿ ತಿಂಗಳಿಗೆ 3500 ರೂಪಾಯಿಗಿಂತ ಜಾಸ್ತಿ ಬಾಡಿಗೆ ಇರುವ ಮನೆ ಅದರ ಲೆಕ್ಕಕ್ಕೇ ಇಲ್ಲ. ಈಗ ಮಲ್ಲೇಶ್ವರದಲ್ಲಿ ಆ ದುಡ್ಡಿಗೆ ಸ್ಕೂಟರ್ ನಿಲ್ಲಿಸೋಕೆ ಜಾಗ ಕೊಟ್ಟರೆ ಪುಣ್ಯ.

ಆಮೇಲಿನದು ನಿಮಗೆ ಗೊತ್ತಿರುವ ಕಥೆಯೇ. ಅಜ್ಜಿ ಹೋದರು. ಮಕ್ಕಳಲ್ಲಿ ಒಬ್ಬರು ಅಮೆರಿಕ, ಒಬ್ಬರು ಪುಣೆ. ಭಾಗ ಮಾಡಬೇಕಾದರೆ ಮನೆಯನ್ನು ಕುಯ್ಯೋಕೆ ಆಗುತ್ತಾ? ಜಾಯಿಂಟ್ ಡೆವಲಪ್‌ಮೆಂಟ್‌ಗೆ ಕೊಟ್ಟರು. ಜಾಗ ಇವರದ್ದು, ಕಟ್ಟೋದು ಬಿಲ್ಡರ್, ಫ್ಲಾಟ್‌ಗಳಲ್ಲಿ ಪಾಲು. ನಾನು ಅವರನ್ನು ಬೈಯುವುದಿಲ್ಲ, ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಆದರೆ ಬಂಗಲೆ ಬಿದ್ದಾಗ ಪೇಪರಿನಲ್ಲಿ ಅರ್ಧ ಪುಟ ಬಂತು, ‘ಮರೆಯಾದ ಮತ್ತೊಂದು ಪರಂಪರೆ’ ಅನ್ನೋ ಧಾಟಿಯಲ್ಲಿ. ಹಿಂದಿನ ಸಾಲಿನಲ್ಲಿ ಎಂಟು ಸಂಸಾರ ಇದ್ದವಲ್ಲ, ಅವು ಎಲ್ಲಿಗೆ ಹೋದವು ಅಂತ ಒಂದು ಸಾಲೂ ಇಲ್ಲ. ನಾನು ಹೇಳುತ್ತೇನೆ ಕೇಳಿ. ಊರಂಚಿನ ದಾಸರಹಳ್ಳಿ, ಬಾಗಲಗುಂಟೆ, ಹೆಸರಘಟ್ಟ ರಸ್ತೆ. 2014ರಲ್ಲಿ ಪೀಣ್ಯದಿಂದ ಸಂಪಿಗೆ ರಸ್ತೆಗೆ ಮೆಟ್ರೋ ಶುರುವಾದಾಗ ಹಬ್ಬ ಮಾಡಿದವರು ಇವರೇ. ಎಂಟನೇ ಕ್ರಾಸಿನಲ್ಲಿ ಗೌರಿ ಹಬ್ಬದ ಬಾಗಿನದ ಮೊರ ತಗೊಳ್ಳೋಕೆ ಈಗಲೂ ಬರುತ್ತಾರೆ. ಅಲ್ಲಿಯೇ ತಗೋಬೇಕು, ಬೇರೆ ಕಡೆಯದು ಆಗಲ್ಲ.

ಈಗ ಯಾರಾದರೂ ಹೇಳುತ್ತೀರಿ, ಗೊತ್ತು ನನಗೆ. ‘ಅಕ್ಕಾ, ವಠಾರದಲ್ಲಿ ಏನ್ ಸುಖ ಇತ್ತು? ಎಂಟು ಮನೆಗೆ ಎರಡು ಕಕ್ಕಸು, ನಲ್ಲಿ ಹತ್ತಿರ ಬಿಂದಿಗೆ ಯುದ್ಧ, ರಾತ್ರಿ ಹತ್ತಕ್ಕೆ ಓನರ್ ಮೇನ್ ಸ್ವಿಚ್ ಆರಿಸೋದು. ಅದನ್ನು ಉಳಿಸಬೇಕಾ?’ ಉಳಿಸಿ ಅಂತ ಯಾರು ಹೇಳಿದರು? ಬೀಳಲಿ, ನನ್ನ ಅಭ್ಯಂತರ ಇಲ್ಲ. ಚೆಂಬು ಹಿಡಿದು ಕ್ಯೂ ನಿಂತವಳು ನಾನು, ನನಗೆ ಹೇಳಬೇಡಿ. ಇತ್ತು ಅಂತ ಹೇಳಿ, ಅಷ್ಟೇ. ಕಷ್ಟ ಇತ್ತು ಅನ್ನೋ ಕಾರಣಕ್ಕೆ ಚರಿತ್ರೆಯಿಂದ ತೆಗೆಯುವುದಾದರೆ ಪ್ಲೇಗನ್ನೂ ತೆಗೀಬೇಕಲ್ವಾ?

ಅದೇ ಹುಡುಗ ಮನೆಗಳ ಹಿಂದಿನ ಕನ್ಸರ್ವೆನ್ಸಿ ಲೇನಿಗೂ ಕರೆದುಕೊಂಡು ಹೋದ. ಈಗ ಅಂಥ ಕೆಲವು ಸಂದಿಗಳ ಗೋಡೆಗೆ ಚಿತ್ರ ಬರೆದು ಚಂದ ಮಾಡಿದ್ದಾರೆ, ಸಂತೋಷ. ಆ ಸಂದಿ ಯಾಕಿತ್ತು ಅಂತ ಹೇಳಲಿಲ್ಲ. ಮುಂಬಾಗಿಲಿಂದ ಬರಬಾರದವರು ಹಿಂದಿನಿಂದ ಬಂದು ಮಲ ಹೊತ್ತುಕೊಂಡು ಹೋಗಲಿ ಅಂತ ಬಿಟ್ಟ ದಾರಿ ಅದು. ಶುರುವಿನಲ್ಲಿ ಸೈಟುಗಳನ್ನೂ ಜಾತಿ ನೋಡಿಯೇ ಹಂಚಿದ್ದರು. ಗಾಳಿ ಬೆಳಕಿನ ಪ್ಲಾನು ಹಾಕಿದ ನಕ್ಷೆಯಲ್ಲೇ ಇದೂ ಇತ್ತು. ನಮ್ಮ ವಠಾರದಲ್ಲೂ ‘ನೀವು ಯಾವ ಜನ?’ ಅಂತ ಕೇಳದೆ ಮನೆ ಕೊಡುತ್ತಿರಲಿಲ್ಲ. ಪರಂಪರೆ ಅಂದಮೇಲೆ ಪೂರ್ತಿ ಹೇಳಬೇಕು. ಬರೀ ಕಿಟಕಿ ತೋರಿಸಿ ಕಳಿಸೋದು ಯಾವ ನ್ಯಾಯ?

ಒಂದು ನಿಜ ಹೇಳಿಬಿಡುತ್ತೇನೆ. ನನ್ನ ಈ ಸಿಟ್ಟಿನಲ್ಲಿ ಅರ್ಧ ಹೊಟ್ಟೆಕಿಚ್ಚು. ಸ್ಕೂಲಿನಲ್ಲಿದ್ದಾಗ ಗೆಳತಿಯರು ಮನೆ ಯಾವುದು ಅಂತ ಕೇಳಿದರೆ ಮುಂದಿನ ಗೇಟು ತೋರಿಸುತ್ತಿದ್ದೆ. ಅವರು ರಸ್ತೆ ದಾಟಿ ಹೋಗುವವರೆಗೆ ಅಲ್ಲೇ ನಿಂತು, ಆಮೇಲೆ ಸಂದಿಗೆ ನುಗ್ಗುತ್ತಿದ್ದೆ. ಆ ಜಗಲಿಯ ಮೇಲೆ ಬೆತ್ತದ ಕುರ್ಚಿ ಹಾಕಿಕೊಂಡು ಪೇಪರ್ ಓದಬೇಕು ಅನ್ನೋ ಆಸೆ ಈ ವಯಸ್ಸಿಗೂ ಹೋಗಿಲ್ಲ. ನನ್ನ ಫ್ಲಾಟಿನ ಬಾಲ್ಕನಿಯಲ್ಲಿ ಬೆತ್ತದ ಕುರ್ಚಿ ಇದೆ, ಎದುರಿಗೆ ಪಕ್ಕದ ಫ್ಲಾಟಿನ ವಾಷಿಂಗ್ ಮೆಷಿನ್.

ರಾತ್ರಿ ಹಳೇ ಆಲ್ಬಮ್ ತೆಗೆದು ನೋಡಿದೆ, ವಠಾರದ ಒಂದು ಫೋಟೋ ಇಲ್ಲ! ನಾಮಕರಣ, ಅಣ್ಣನ ಮುಂಜಿ, ಅಕ್ಕನನ್ನು ನೋಡೋಕೆ ಗಂಡಿನವರು ಬಂದಿದ್ದು, ಎಲ್ಲ ತೆಗೆಸಿದ್ದು ಓನರ್ ಮನೆಯ ಮೆಟ್ಟಿಲ ಮೇಲೆ. ಹಿಂದೆ ಮಂಕಿ ಟಾಪ್ ಕಾಣುತ್ತೆ. ನಮ್ಮ ಮನೆ ಕಾಣಲ್ಲ. ನಾವೇ ತೆಗೆಸಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಮಲ್ಲೇಶ್ವರ, ಶ್ರೀರಾಮಪುರ, ಬಸವನಗುಡಿ, ಚಾಮರಾಜಪೇಟೆ, ಎಲ್ಲಿಯದಾದರೂ ಸರಿ, ವಠಾರದ ಒಳಗಿನ ಫೋಟೋ ಇದ್ದರೆ ಕಾಮೆಂಟಿನಲ್ಲಿ ಹಾಕಿ. ನಲ್ಲಿ, ಒಗೆಯುವ ಕಲ್ಲು, ಸಾಲಾಗಿ ನಿಂತ ಸೈಕಲ್ಲು, ಏನಿದ್ದರೂ ನಡೆಯುತ್ತೆ. ಮಲ್ಲೇಶ್ವರ ಅಂದ ತಕ್ಷಣ ಸಿಟಿಆರ್ ಹೋಟೆಲಿನ ಬೆಣ್ಣೆ ಮಸಾಲೆ ದೋಸೆ ಫೋಟೋ ಹಾಕುವವರು ಇದ್ದೀರಿ, ನಿಮ್ಮ ಹೆಸರೂ ಗೊತ್ತು. ಈ ಸಲ ಹಾಕಿದರೆ ಅನ್‌ಫ್ರೆಂಡ್ ಮಾಡುತ್ತೇನೆ.