ಇಪ್ಪತ್ತೆಂಟಕ್ಕಿಂತ ಇಪ್ಪತ್ತೇಳು ದೊಡ್ಡದು

ನಮ್ಮಪ್ಪನ ಸೈಕಲ್ಲಿಗೆ ಒಂದು ಟಯರ್ ಬೇಕಿತ್ತು. ವಿಷಯ ಇಷ್ಟೇ.

ಕಪ್ಪು ಸೈಕಲ್ಲು. ಕಡ್ಡಿ ಬ್ರೇಕು, ಹಿಂದೆ ಗಟ್ಟಿ ಕ್ಯಾರಿಯರ್ರು, ಹಾಲಿನವರು ಎರಡು ಕ್ಯಾನ್ ನೇತುಹಾಕಿಕೊಂಡು ಬರುತ್ತಿದ್ದರಲ್ಲ, ಆ ಜಾತಿಯದು. ಹನುಮಂತನಗರದ ನಮ್ಮ ಮನೆಯ ಮೆಟ್ಟಿಲ ಕೆಳಗೆ ಹನ್ನೆರಡು ವರ್ಷ ಧೂಳು ತಿಂದುಕೊಂಡು ನಿಂತಿತ್ತು. ಮಗಳು ಒಂದು ದಿನ ಅದನ್ನು ನೋಡಿ "ಅಪ್ಪಾ, ಇದು ವಿಂಟೇಜ್" ಅಂದಳು. ವಿಂಟೇಜ್ ಅಂದಮೇಲೆ ದುಡ್ಡು ಸುರಿಯಲೇಬೇಕು ಅಲ್ವಾ? ಹಿಂದಿನ ಟಯರ್ ಬೇಸಿಗೆಯ ಕೆರೆ ಅಂಗಳದ ಹಾಗೆ ಬಿರುಕು ಬಿಟ್ಟಿತ್ತು. ಅದರ ಮೇಲೆ 28 × 1½ (ಇಂಚಿನ ಲೆಕ್ಕ; ಚಕ್ರ 28, ಟಯರಿನ ದಪ್ಪ ಒಂದೂವರೆ) ಅಂತ ಓದಿಕೊಂಡು, ಎಂಬತ್ತಡಿ ರಸ್ತೆಯ ಒಂದು ಗಾಜಿನ ಶೋರೂಮಿಗೆ ಹೋದೆ. (ಎಂಬತ್ತಡಿಯಲ್ಲಿ ಓಡಾಡಲು ಸಿಗುವುದು ಎಷ್ಟಡಿ ಅಂತ ಕೇಳಬೇಡಿ. ಅದು ಇನ್ನೊಂದು ಅಂಕಣ.)

"ಒಂದು ಇಪ್ಪತ್ತೆಂಟು ಕೊಡಪ್ಪ" ಅಂದೆ. ಹುಡುಗ ಇಪ್ಪತ್ತೆಂಟು ಕೊಟ್ಟ. ಎಂಟುನೂರು ರೂಪಾಯಿ. ಬಿಲ್ಲಿನ ಕೆಳಗೆ "ವಾಪಸ್ ಇಲ್ಲ" ಅಂತಿತ್ತು.

ಮನೆಗೆ ಬಂದು ಒಂದು ಪಕ್ಕ ಕೂರಿಸಿದರೆ ಇನ್ನೊಂದು ಪಕ್ಕ ಎದ್ದು ನಿಲ್ಲುತ್ತದೆ. ಎರಡು ಲಿವರ್ ಹಾಕಿದೆ, ಮಂಡಿ ಕೊಟ್ಟೆ, ಕೊನೆಗೆ ದೋಸೆ ಮಗುಚುವ ಕೈಯನ್ನೂ ತಂದೆ. ಅದನ್ನು ಕಂಡು ಹೆಂಡತಿ ಬಂದಳು. "ಬಳೆ ಇಡಿಸೋ ಹಾಗೆ ಸೋಪು ಹಚ್ಚಿ ನೋಡಿ" ಅಂದಳು. ಹಚ್ಚಿದೆ. ಟಯರ್ ಘಮಘಮ ಅಂದಿತೇ ಹೊರತು ರಿಮ್ಮಿಗೆ ಇಳಿಯಲಿಲ್ಲ.

"ಎರಡು ಆರು ಬಳೆ ಅಂದ್ರೆ ಮಲ್ಲೇಶ್ವರದಲ್ಲೂ ಎರಡು ಆರು, ಚಿಕ್ಕಪೇಟೆಯಲ್ಲೂ ಎರಡು ಆರು. ಒಂದು ಟಯರ್ ತರೋಕೆ ಬರಲ್ವಾ ನಿಮಗೆ?" ಅಂದಳು.

ಮಾತು ಚುಚ್ಚಿತು, ಆದರೆ ಸರಿಯಾಗಿಯೇ ಇತ್ತು. ಎರಡು ಆರು ಅಂದರೆ ಎರಡು ಇಂಚು, ಮೇಲೆ ಹದಿನಾರರಲ್ಲಿ ಆರು ಭಾಗ. ಅದೂ ಬಳೆಯ ಒಳಗಿನ ಅಳತೆ, ಕೈ ತೂರುವ ಜಾಗದ ಅಳತೆ. ಬಳೆಗಾರನಿಗೆ ಗೊತ್ತಿರುವ ಈ ಸಣ್ಣ ವಿಷಯ ಸೈಕಲ್ ಲೋಕದ ಮಹಾನುಭಾವರಿಗೆ ನೂರು ವರ್ಷವಾದರೂ ಹೊಳೆದಿಲ್ಲ.

ಟಯರ್ ಎತ್ತಿಕೊಂಡು ಮತ್ತೆ ಶೋರೂಮಿಗೆ ಹೋದೆ. ಹುಡುಗ ಪಾಪ ಒಳ್ಳೆಯವನು. ಬೇಜಾರಿಲ್ಲದೆ ವಿವರಿಸಿದ.

"ಸಾರ್, ನಾನು ಕೊಟ್ಟ ಇಪ್ಪತ್ತೆಂಟರ ಒಳಗಿನ ಅಡ್ಡಳತೆ 622 ಮಿಲಿಮೀಟರ್. ನಿಮ್ಮದೂ ಇಪ್ಪತ್ತೆಂಟೇ, ಆದ್ರೆ 635."

"ಹಾಗಾದ್ರೆ ಸ್ವಲ್ಪ ದೊಡ್ಡದು ಕೊಡು. ಇಪ್ಪತ್ತೊಂಬತ್ತು ಇದ್ಯಾ?"

"ಇದೆ ಸಾರ್. ಆದ್ರೆ ಅದೂ 622ನೇ."

"ಇಪ್ಪತ್ತೆಂಟು, ಇಪ್ಪತ್ತೊಂಬತ್ತು ಎರಡೂ ಒಂದೇನಾ?"

"ಹೂಂ ಸಾರ್. ಸ್ವಲ್ಪ ದೊಡ್ಡದೇ ಬೇಕು ಅಂದ್ರೆ ಇಪ್ಪತ್ತೇಳು ನೋಡ್ಬೇಕು. ಅದು 630."

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತೆ. ಇಪ್ಪತ್ತೆಂಟೂ ಇಪ್ಪತ್ತೊಂಬತ್ತೂ ಸಮ. ಇಪ್ಪತ್ತೇಳು ಎರಡಕ್ಕಿಂತ ದೊಡ್ಡದು. ಅದಕ್ಕಿಂತ ದೊಡ್ಡದು ನಮ್ಮಪ್ಪನ ಇಪ್ಪತ್ತೆಂಟು. ನಮ್ಮ ಶಾಲೆಯ ಗಣಿತದ ಮೇಷ್ಟ್ರು ಬದುಕಿದ್ದಿದ್ದರೆ ಬೆತ್ತ ಹಿಡಿದು ಶೋರೂಮಿಗೇ ಬರುತ್ತಿದ್ದರು.

ಈ ಇಂಚಿನ ಕಥೆ ನನಗೆ ಅರ್ಥವಾಗಿದ್ದು ನನ್ನ ಭಾವಮೈದನ ಫ್ಲ್ಯಾಟ್ ನೆನಪಾದಾಗ. ಸರ್ಜಾಪುರ ರಸ್ತೆಯಲ್ಲಿ ಸಾವಿರದ ಇನ್ನೂರು ಚದರಡಿ ಅಂತ ಹೇಳಿ ಮಾರಿದರು. ಒಳಗೆ ಟೇಪ್ ಹಿಡಿದರೆ ಎಂಟುನೂರೈವತ್ತು. ಉಳಿದದ್ದೆಲ್ಲಿ ಅಂದರೆ ಸೂಪರ್ ಬಿಲ್ಟ್ ಅಪ್, ಅಂದರೆ ಲಿಫ್ಟು, ಮೆಟ್ಟಿಲು, ವಾಚ್‌ಮ್ಯಾನ್ ಕುರ್ಚಿ ಇಟ್ಟ ಮೂಲೆ ಎಲ್ಲ ಸೇರಿಸಿ. ಸೈಕಲ್ಲಿನ ಇಂಚೂ ಇದೇ ವ್ಯವಹಾರ. ಅದು ರಿಮ್ಮಿನ ಅಳತೆ ಅಲ್ಲ. ಹಿಂದೊಂದು ಕಾಲದಲ್ಲಿ ಆ ರಿಮ್ಮಿಗೆ ಟಯರ್ ಹಾಕಿ, ಗಾಳಿ ತುಂಬಿ, ನೆಲದಿಂದ ತಲೆವರೆಗೆ ಅಳೆದಾಗ ಬಂದ ಲೆಕ್ಕ. ನಮ್ಮಪ್ಪನ ಇಪ್ಪತ್ತೆಂಟರಲ್ಲಿ ಟಯರ್ ಕೂರುವ ಜಾಗ ಬರೀ ಇಪ್ಪತ್ತೈದು ಇಂಚು. ಆಮೇಲೆ ಟಯರುಗಳು ಸಣ್ಣಗಾದವು, ದಪ್ಪಗಾದವು, ಹೆಸರು ಮಾತ್ರ ಹಾಗೇ ಉಳಿಯಿತು. ಅಂದರೆ ಈಗ ಸೂಪರ್ ಬಿಲ್ಟ್ ಅಪ್ ಕೂಡ ಸುಳ್ಳು.

ಇಂಗ್ಲಿಷರ ಇಂಚು ಬೇಡ ಅಂತ ಫ್ರಾನ್ಸಿನವರ ಕಡೆ ತಿರುಗಿದರೆ ಅಲ್ಲಿ 700ಸಿ ಅಂತ ಒಂದಿದೆ. ಮೊದಲ ಸಲ ಕೇಳಿದಾಗ ಯಾವುದೋ ಬಿಎಂಟಿಸಿ ಬಸ್ಸು ಅಂದುಕೊಂಡೆ. 500ಡಿ ಸಿಲ್ಕ್ ಬೋರ್ಡಿಗೆ ಹೋಗುವುದಾದರೆ 700ಸಿ ಎಲ್ಲಿಗೆ ಹೋಗುತ್ತಪ್ಪಾ ಅಂತ. ಅದೂ ಎಲ್ಲಿಗೂ ಹೋಗಲ್ಲ, ಸುತ್ತಿ ಬಳಸಿ ಅದೇ 622ಕ್ಕೆ ಬಂದು ನಿಲ್ಲುತ್ತದೆ. ಟಯರಿನ ಹೊರಗಿನ ಅಡ್ಡಳತೆ 700 ಮಿಲಿಮೀಟರ್ ಆಗಬೇಕು, ಟಯರ್ ಎಷ್ಟು ದಪ್ಪ ಅನ್ನೋದಕ್ಕೆ ಎ, ಬಿ, ಸಿ ಅನ್ನೋದು ಅವರ ಲೆಕ್ಕವಾಗಿತ್ತು. ಎ ತೆಳುವು, ಸಿ ದಪ್ಪ. ಈಗ ಕೂದಲೆಳೆಯಂಥ ರೇಸಿನ ಟಯರಿಗೂ ಸಿ ಅಂತಲೇ ಬರೆಯುತ್ತಾರೆ. ಸಣ್ಣಗಿರುವ ಹುಡುಗನಿಗೆ ಗುಂಡ ಅಂತ ಹೆಸರಿಟ್ಟ ಹಾಗೆ.

ಇದನ್ನೆಲ್ಲ ಬೇಕಾದರೆ ಕ್ಷಮಿಸಬಹುದು. ಭಿನ್ನರಾಶಿಗೆ ಮಾಡಿದ ಅನ್ಯಾಯವನ್ನು ಮಾತ್ರ ನಾನು ಕ್ಷಮಿಸಲಾರೆ. 26 × 1½ ಅಂತ ಒಂದು ಟಯರ್ ಇದೆ. 26 × 1.5 ಅಂತ ಇನ್ನೊಂದಿದೆ. ಒಂದೂವರೆ ಕೆಜಿ ಬೇಳೆ, ಒಂದು ಪಾಯಿಂಟ್ ಐದು ಕೆಜಿ ಬೇಳೆ, ಎರಡಕ್ಕೂ ಒಂದೇ ದುಡ್ಡು ಕೊಡುವವರು ನಾವು. ಸೈಕಲ್ಲಿನಲ್ಲಿ ಹಾಗಲ್ಲ. ಒಂದೂವರೆಯದು 584, ಪಾಯಿಂಟ್ ಐದರದು 559. ನಡುವೆ ಹತ್ತಿರ ಹತ್ತಿರ ಒಂದಿಂಚು ವ್ಯತ್ಯಾಸ. ಬರೆಯುವ ರೀತಿ ಬದಲಾದರೆ ಚಕ್ರವೇ ಬದಲಾಗುತ್ತದೆ! ನನ್ನ ಹೆಂಡತಿಯ ಹಳೆಯ ಲೇಡೀಸ್ ಸೈಕಲ್ಲಿನ 26 × 1⅜ ಇನ್ನೂ ಬೇರೆ, ಅದು 590. ಬರೀ ಇಪ್ಪತ್ತಾರು ಅನ್ನುವ ಹೆಸರಿನಲ್ಲೇ 559, 571, 584, 590, 597 ಅಂತ ಐದು ಜನ ಓಡಾಡುತ್ತಿದ್ದಾರೆ.

ಅದೇ 584ಕ್ಕೆ ಇನ್ನೂ ಎರಡು ಹೆಸರಿವೆ. ಫ್ರೆಂಚರ ಮನೆಯಲ್ಲಿ 650ಬಿ, ಹೊಸ ಗುಡ್ಡ ಹತ್ತುವ ಸೈಕಲ್ಲುಗಳಲ್ಲಿ ಇಪ್ಪತ್ತೇಳೂವರೆ. ರೇಷನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರಿದ್ದರೆ ನಮ್ಮನ್ನು ಅಫಿಡವಿಟ್ ತನ್ನಿ ಅಂತ ನೋಟರಿ ಹತ್ತಿರ ಓಡಿಸುತ್ತಾರೆ. ಈ ರಿಮ್ಮನ್ನು ಯಾರೂ ಕೇಳಲ್ಲ.

ನಿಜ ಹೇಳುವ ನಂಬರು ಇಲ್ಲವೇ ಇಲ್ಲ ಅಂತಲ್ಲ. ಯುರೋಪಿನ ಟಯರ್ ಸಂಸ್ಥೆಯವರು ಒಂದು ಪದ್ಧತಿ ಮಾಡಿದ್ದಾರೆ, ಇಟಿಆರ್‌ಟಿಒ ಅಂತ. ಅದನ್ನೇ ಐಎಸ್ಒ 5775 ಅಂತ ಲೋಕಕ್ಕೆಲ್ಲ ಒಪ್ಪಿಸಿದ್ದಾರೆ. ಅದರಲ್ಲಿ ಎರಡೇ ಅಂಕಿ, ಎರಡೂ ಮಿಲಿಮೀಟರಿನಲ್ಲಿ. 40-635 ಅಂದರೆ ದಪ್ಪ 40, ರಿಮ್ಮಿಗೆ ಕೂರುವ ಸುತ್ತಿನ ಅಡ್ಡಳತೆ 635. ಫ್ಲ್ಯಾಟಿಗೆ 2016ರ ರೇರಾ ಕಾಯ್ದೆ ಬಂದು ಕಾರ್ಪೆಟ್ ಏರಿಯಾ ಹೇಳಿ ಅಂದಿತಲ್ಲ, ಆ ಥರ. ಆದರೆ ಸತ್ಯವನ್ನು ಎಲ್ಲಿ ಬರೆದಿದ್ದಾರೆ ನೋಡಿ. 28 ಅನ್ನೋದು ದಪ್ಪಕ್ಷರದಲ್ಲಿ ಎದ್ದು ಕಾಣುತ್ತದೆ. 635 ಬೇಕು ಅಂದರೆ ನೆಲಕ್ಕೆ ಕೂರಬೇಕು. ಹೆಬ್ಬೆರಳಿಗೆ ಎಂಜಲು ಹಚ್ಚಿ ಟಯರಿನ ಪಕ್ಕೆಯ ಮಣ್ಣು ಉಜ್ಜಬೇಕು. ಫೋನಿನ ಟಾರ್ಚನ್ನು ಓರೆಯಾಗಿ ಹಿಡಿಯಬೇಕು. ಆಗ ಕಪ್ಪಿನ ಮೇಲೆ ಕಪ್ಪಾಗಿ, ಅಕ್ಕಿಕಾಳಿನಷ್ಟು ಸಣ್ಣಗೆ ಆ ಅಂಕಿಗಳು ಮೇಲೇಳುತ್ತವೆ. ಬಿಸ್ಕತ್ ಪೊಟ್ಟಣದ ಎಕ್ಸ್‌ಪೈರಿ ತಾರೀಕೇ ವಾಸಿ.

ಕೊನೆಗೆ ನಮ್ಮ ಬೀದಿ ತುದಿಯ ಪಂಚರ್ ಅಂಗಡಿಗೆ ಹೋದೆ. ದಾರಿಯಲ್ಲೇ 40-635 ಅಂತ ಬಾಯಿಪಾಠ ಮಾಡಿಕೊಂಡಿದ್ದೆ.

"ಯಜಮಾನ್ರೇ, 40-635 ಇದ್ಯಾ?"

ಅವರು ಸೊಲ್ಯೂಶನ್ ಹಚ್ಚಿದ ಟ್ಯೂಬಿಗೆ ಉಫ್ ಅಂತ ಊದುತ್ತಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾವ ಸೈಕಲ್ಲು ಸಾರ್?"

"ನಮ್ಮಪ್ಪಂದು. ಕಪ್ಪು ಸೈಕಲ್ಲು."

"ದೊಡ್ಡ ಸೈಕಲ್ ಅನ್ನಿ ಮತ್ತೆ." ಮೊಳೆಗೆ ನೇತುಹಾಕಿದ್ದ ಟಯರೊಂದನ್ನು ತೆಗೆದು ಕೊಟ್ಟರು. ಮುನ್ನೂರು ಚಿಲ್ಲರೆ. ಸೋಪು, ದೋಸೆಕೈ ಏನೂ ಬೇಕಾಗಲಿಲ್ಲ. ಎರಡು ನಿಮಿಷಕ್ಕೆ ಕೂತಿತು.

ಉಳಿದದ್ದು ಎಂಟುನೂರು ರೂಪಾಯಿಯ ಆ ಇಪ್ಪತ್ತೆಂಟು. ಎದುರು ಮನೆಯ ಸಾಫ್ಟ್‌ವೇರ್ ಹುಡುಗ ಭಾನುವಾರ ನಂದಿ ಬೆಟ್ಟಕ್ಕೆ ಹೋಗುವವನು, ಅವನದು ಇಪ್ಪತ್ತೊಂಬತ್ತು. ಟಯರ್ ಸವೆದಿದೆ ಅಂತ ಗೊಣಗುತ್ತಿದ್ದ. "ನನ್ನ ಹತ್ರ ಇಪ್ಪತ್ತೆಂಟಿದೆ, ಹಾಕ್ಕೊಳ್ಳಪ್ಪ" ಅಂದೆ. "ಅಂಕಲ್, ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೆಂಟು ಹೇಗೆ ಆಗುತ್ತೆ?" ಅಂತ ನಕ್ಕ. ನಾನೇ ಕೂತು ಹಾಕಿಕೊಟ್ಟೆ. ಬಳೆಯ ಹಾಗೆ ಇಳಿಯಿತು. ಅವನ ಮುಖ ನೋಡಬೇಕಿತ್ತು.

ಅವತ್ತಿನಿಂದ ಬೀದಿಯಲ್ಲಿ ನನಗೆ ಭಾರೀ ಮರ್ಯಾದೆ. ಮೊನ್ನೆ ಬೆಳಗ್ಗೆ ಪೇಪರ್ ಓದುತ್ತಿದ್ದೆ. ಮೂರನೇ ಮನೆಯ ಹುಡುಗಿ ಒಂದು ಕೈಯಲ್ಲಿ ಬರೀ ಚಕ್ರ, ಇನ್ನೊಂದು ಕೈಯಲ್ಲಿ ಹೊಸ ಟಯರ್ ಹಿಡಿದು ಗೇಟಿನ ಹತ್ತಿರ ನಿಂತಿದ್ದಳು.

"ಅಂಕಲ್, ಇಪ್ಪತ್ತಾರಕ್ಕೆ ಇಪ್ಪತ್ತಾರು ಹಿಡಿಸುತ್ತಾ?"

ತಡಿಯಮ್ಮ ಅಂದು, ಕನ್ನಡಕ ತರಲು ಒಳಗೆ ಹೋದೆ.