ಮಕ್ಕಳಿಗೆ ‘ಕೈ ಜೋರಾಗಿ ಬೀಸು’ ಅನ್ನಬೇಡಿ

ಈಗಷ್ಟೇ ಮಗನ ಬೇಸ್‌ಬಾಲ್ ಮ್ಯಾಚ್ ಮುಗಿಸಿಕೊಂಡು ಮನೆಗೆ ಬಂದೆ. ಕೋಪ ಇನ್ನೂ ಇಳಿದಿಲ್ಲ. ಎದುರು ಟೀಮಿನ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು, ತೆಳ್ಳಗಿನ ಹುಡುಗ, ಹನ್ನೊಂದೋ ಹನ್ನೆರಡೋ ವಯಸ್ಸಿರಬಹುದು. ಸ್ವಲ್ಪ ಹೊತ್ತಿಗೆ ಅವನ ಚೆಂಡು ನಿಧಾನವಾಗತೊಡಗಿತು. ಬೇಲಿಯ ಆಚೆ ಚೆಂಡಿನ ವೇಗ ಅಳೆಯುವ ರೇಡಾರ್ ಗನ್ ಹಿಡಿದು ನಿಂತಿದ್ದ ಅವನ ಅಪ್ಪ ಪ್ರತಿ ಎಸೆತಕ್ಕೂ ನಂಬರ್ ಕೂಗುತ್ತಿದ್ದರು. ಅದರ ಹಿಂದೆಯೇ, "ಕೈ ಬೀಸು, ಇನ್ನೂ ಜೋರಾಗಿ ಬೀಸು!" ಹುಡುಗ ಬೀಸಿದ. ಚೆಂಡು ಬ್ಯಾಟರ್ ತಲೆಯ ಮೇಲೆ ಹಾದು ಹೋಯಿತು. ಎಸೆದ ಹುಡುಗ ಮೊಣಕೈಯ ಒಳಬದಿ ಉಜ್ಜಿಕೊಂಡ. ನೋಡಿ ನನಗೆ ಕರುಳು ಚುರ್ ಅಂತು.

ಆ ಹುಡುಗನ ಕೈಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಮುಂದಿನ ಕಾಲು ನೆಲಕ್ಕೆ ತಾಗುವ ಮೊದಲೇ ಅವನ ಎದೆ ಬ್ಯಾಟರ್ ಕಡೆಗೆ ತಿರುಗಿಬಿಡುತ್ತಿತ್ತು. ಸೊಂಟ, ಭುಜ ಎರಡೂ ಒಟ್ಟಿಗೇ ತಿರುಗಿ ಮುಗಿದಿರುತ್ತಿದ್ದವು. ಮಿಕ್ಕ ಕೆಲಸವೆಲ್ಲ ಕೈ ಒಂದರ ತಲೆಗೆ. ಅಂಥ ಕೈಗೆ ಇನ್ನೂ ಬೀಸು ಅಂದರೆ ಅದು ಎಲ್ಲಿಂದ ತರಬೇಕು?

ನಾನು ಹಾಸನದಲ್ಲಿ ಅಣ್ಣಂದಿರ ಜೊತೆ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವಳು, ನಿಮಗೆಲ್ಲ ಗೊತ್ತು. ನಮ್ಮ ಶ್ರೀನಾಥ್ ಓಡಿಕೊಂಡು ಬರುವಾಗಲೇ ವೇಗ ಕಟ್ಟಿಕೊಂಡು ಬರುತ್ತಿದ್ದರು. ಪಿಚರ್‌ಗೆ ಆ ಓಟ ಇಲ್ಲ. ದೊಡ್ಡವರ ಆಟದಲ್ಲಿ 10 ಇಂಚು ಎತ್ತರದ ದಿಬ್ಬದ ಮೇಲೆ, ರಬ್ಬರ್ ಪಟ್ಟಿಗೆ ಕಾಲು ತಾಗಿಸಿ, ನಿಂತಲ್ಲಿಂದಲೇ 60 ಅಡಿ 6 ಇಂಚು ಆಚೆಗೆ ಎಸೆಯಬೇಕು. ಹಾಗಾದರೆ ಗಂಟೆಗೆ 95 ಮೈಲಿ ವೇಗ ಎಲ್ಲಿಂದ ಬರುತ್ತದೆ?

ನೆಲದಿಂದ. ಒಗೆಯುವ ಕಲ್ಲಿಗೆ ಒದ್ದೆ ಸೀರೆ ಬಡಿಯುವವರನ್ನು ನೋಡಿದ್ದೀರಲ್ವಾ? ಕಾಲು ಊರುತ್ತಾರೆ, ಸೊಂಟ ತಿರುಗುತ್ತದೆ, ಆಮೇಲೆ ಬೆನ್ನು, ಕೊನೆಗೆ ಕೈ. ಬರೀ ಕೈಯಲ್ಲಿ ಬಡಿದರೆ ನಾಲ್ಕು ಸೀರೆಗೇ ರಟ್ಟೆ ಬಿದ್ದುಹೋಗುತ್ತದೆ. ಪಿಚಿಂಗ್ ಕೂಡ ಇದೇ ಸರದಿ. ಹಿಂದಿನ ಕಾಲು ಮೈಯನ್ನು ಮುಂದಕ್ಕೆ ನೂಕುತ್ತದೆ. ಮುಂದಿನ ಕಾಲು ಊರಿದಾಗ ಸೊಂಟ ತೆರೆದುಕೊಳ್ಳುತ್ತಿರಬೇಕು, ಭುಜ ಇನ್ನೂ ಮುಚ್ಚಿಕೊಂಡೇ ಇರಬೇಕು. ಆ ನಡುವಿನ ಬಿಗಿತದಲ್ಲೇ ವೇಗ ಇರುವುದು. ಮುಂದಿನ ಮಂಡಿ ಕುಸಿಯದೆ ಗಟ್ಟಿಯಾಗಿ ನಿಂತರೆ ಸೊಂಟ ತಡೆದು ನಿಲ್ಲುತ್ತದೆ, ಮೇಲಿನ ಮೈ ಅದರ ಮೇಲಿಂದ ಮುಂದಕ್ಕೆ ಹಾರುತ್ತದೆ. ಆಗ ಮುಂಗೈ ಹಿಂದಕ್ಕೆ ಒರಗಿ ಅಂಗೈ ಆಕಾಶ ನೋಡುತ್ತದೆ. ಮರುಕ್ಷಣ ಭುಜ ಸೆಕೆಂಡಿಗೆ ಸುಮಾರು 7,000 ಡಿಗ್ರಿ ವೇಗದಲ್ಲಿ ತಿರುಗಿರುತ್ತದೆ. ಕಾಲು ಊರಿದ್ದರಿಂದ ಚೆಂಡು ಬಿಡುವ ತನಕ ಸುಮಾರು 0.15 ಸೆಕೆಂಡ್, ಅಷ್ಟೇ. ಭುಜದ ಸ್ನಾಯು ಒಂದೇ ಇದನ್ನು ಮಾಡಲಾರದು. ಮಂಡಿ ಕುಸಿದರೆ, ಭುಜ ಬೇಗ ತಿರುಗಿದರೆ, ಕೆಳಗಿಂದ ಬಂದ ಶಕ್ತಿ ದಾರಿಯಲ್ಲೇ ಸೋರಿಹೋಗುತ್ತದೆ.

"ಅದೆಲ್ಲ ಹುಟ್ಟಿನಿಂದ ಬರಬೇಕು ಕಣ್ರೀ" ಅನ್ನುವವರು ಇದ್ದೇ ಇದ್ದಾರೆ. ಪಕ್ಕದಲ್ಲಿ ಕೂತಿದ್ದವರೂ ಇದನ್ನೇ ಅಂದರು. ಎತ್ತರ, ಉದ್ದ ಕೈ, ಬಳುಕುವ ಭುಜ ಇದ್ದರೆ ಒಳ್ಳೆಯದೇ. 2010ರಲ್ಲಿ ಗಂಟೆಗೆ 105.8 ಮೈಲಿ ವೇಗದಲ್ಲಿ ಎಸೆದ ಅರೋಲ್ಡಿಸ್ ಚಾಪ್ಮನ್ ಆರಡಿ ಮೀರಿದ ಆಳು, ಸರಿ. ಆದರೆ ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಟೀಮಿನಲ್ಲಿದ್ದ ಟಿಮ್ ಲಿನ್ಸಿಕಮ್? 5 ಅಡಿ 11 ಇಂಚು, ಸಣಕಲು ಮೈ. ಅಪ್ಪನೇ ಕಲಿಸಿದ ಆ್ಯಕ್ಷನ್, ತನ್ನ ಎತ್ತರಕ್ಕಿಂತ ಉದ್ದದ ಹೆಜ್ಜೆ. 2008 ಮತ್ತು 2009ರಲ್ಲಿ, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದರು. ಮುಂದೆ ವೇಗ ಇಳಿಯಿತು, 2015ರಲ್ಲಿ ಆಪರೇಷನ್ ಆಯಿತು. ಆದದ್ದು ಎಲ್ಲಿಗೆ ಹೇಳಿ? ಸೊಂಟದ ಕೀಲಿಗೆ.

ಇನ್ನು ಬಿಲ್ಲಿ ವ್ಯಾಗ್ನರ್. 5 ಅಡಿ 10 ಇಂಚು. ಹುಟ್ಟಾ ಬಲಗೈ ಹುಡುಗ. ಚಿಕ್ಕಂದಿನಲ್ಲಿ ಬಲಗೈ ಮುರಿಯಿತು ಅಂತ ಎಡಗೈಯಲ್ಲಿ ಎಸೆಯೋದು ಕಲಿತರು. ಆ ಎಡಗೈಯಲ್ಲೇ 100 ಮೈಲಿ ಮುಟ್ಟಿದರು, 2025ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು. ವೇಗ ಹುಟ್ಟಿದ ಕೈಯಲ್ಲೇ ಇರುತ್ತದೆ ಅನ್ನುವವರು ಇವರಿಗೆ ಏನು ಹೇಳುತ್ತಾರೆ?

ನನಗೂ ಆಸೆ ಇದೆ. ಮಗ ದಿಬ್ಬ ಹತ್ತಿದಾಗ ನನ್ನ ಎದೆಯೂ ಡವಡವ ಅನ್ನುತ್ತದೆ. ಅವನ ಚೆಂಡು ಕ್ಯಾಚರ್ ಗ್ಲೌಸಿಗೆ ಬಿದ್ದು ಠಪ್ ಅಂದರೆ ಆ ದಿನ ಪೂರ್ತಿ ಖುಷಿ. ಹಾಗಂತ ಅವನ ಮೊಣಕೈ ಒತ್ತೆ ಇಡೋಕಾಗಲ್ಲ.

ಮೊಣಕೈಯ ಒಳಬದಿಯಲ್ಲಿ ಎರಡು ಮೂಳೆಗಳನ್ನು ಹಿಡಿದಿಡುವ ಒಂದು ಸಣ್ಣ ಕಟ್ಟು ಇದೆ. ಪ್ರತಿ ಎಸೆತವೂ ಅದನ್ನು ಹರಿಯುವಷ್ಟು ಎಳೆಯುತ್ತದೆ. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಅದನ್ನು ಮೊದಲ ಸಲ ಟಾಮಿ ಜಾನ್ ಎಂಬ ಪಿಚರ್‌ಗೆ ಹೊಸದಾಗಿ ಕಟ್ಟಿಕೊಟ್ಟರು. ಆಮೇಲೂ ಜಾನ್ 164 ಮ್ಯಾಚ್ ಗೆದ್ದರು. ಆ ಕಥೆ ಕೇಳಿಯೋ ಏನೋ, "ಹರಿದರೆ ಹರೀಲಿ, ಆಪರೇಷನ್ ಆದ್ಮೇಲೆ ಇನ್ನೂ ಜೋರಾಗಿ ಎಸೀತಾರೆ" ಅನ್ನುವ ಅಪ್ಪಂದಿರನ್ನು ನಾನೇ ಕಂಡಿದ್ದೇನೆ. ಎಂಥ ಮಾತು ಅದು! ಜೇಕಬ್ ಡಿಗ್ರೋಮ್‌ನಂಥ ದೊಡ್ಡ ಪಿಚರ್‌ಗೇ ಆ ಆಪರೇಷನ್ ಎರಡು ಸಲ ಆಗಿದೆ, 2010ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ. ಅಷ್ಟು ಚೆಂದದ ಆ್ಯಕ್ಷನ್ ಇದ್ದವರಿಗೇ ಹೀಗಾದರೆ, ಬರೀ ಕೈಯಲ್ಲಿ ಎಸೆಯುವ ಮಗುವಿನ ಗತಿ ಏನು? ಮಕ್ಕಳ ಬೇಸ್‌ಬಾಲ್ ನಡೆಸುವ ಲಿಟಲ್ ಲೀಗ್‌ನಲ್ಲಿ 11-12 ವಯಸ್ಸಿನವರಿಗೆ ದಿನಕ್ಕೆ 85 ಎಸೆತದ ಮಿತಿ ಸುಮ್ನೆ ಇಟ್ಟಿಲ್ಲ.

ಇಲ್ಲಿ ಮಕ್ಕಳನ್ನು ಬೇಸ್‌ಬಾಲ್‌ಗೆ ಕಳಿಸುವ ಸ್ನೇಹಿತರು ತುಂಬಾ ಜನ ಇದ್ದೀರಿ. ರೇಡಾರ್ ಗನ್‌ಗೆ ದುಡ್ಡು ಸುರಿಯಬೇಡಿ. ಫೋನಿನಲ್ಲಿ ಸ್ಲೋ ಮೋಷನ್ ಹಾಕಿ, ಪಕ್ಕದಿಂದ ವಿಡಿಯೋ ತೆಗೆಯಿರಿ. ಮುಂದಿನ ಪಾದ ನೆಲ ಮುಟ್ಟಿದ ಕಡೆ ನಿಲ್ಲಿಸಿ, ಅಂಗಿಯ ಮೇಲಿನ ಅಕ್ಷರ ನೋಡಿ. ಎದೆಯ ಮೇಲಿನ ಟೀಮಿನ ಹೆಸರು ಆಗಲೇ ಬ್ಯಾಟರ್‌ಗೆ ಪೂರ್ತಿ ಕಾಣುವ ಹಾಗಿದ್ದರೆ ಭುಜ ಬೇಗ ತಿರುಗಿದೆ ಅಂತ ಅರ್ಥ. ಅದನ್ನು ಕೋಚ್‌ಗೆ ತೋರಿಸಿ, ಕಾಲು ಸೊಂಟದ ಕೆಲಸ ಮೊದಲು ಹೇಳಿಕೊಡಿ ಅಂತ ಕೇಳಿ. ಮಗು ಮೊಣಕೈ ಉಜ್ಜಿಕೊಂಡರೆ ಸ್ಕೋರ್ ಎಷ್ಟೇ ಇರಲಿ, ಅವತ್ತಿಗೆ ಅದರ ಕೈಯಿಂದ ಚೆಂಡು ಇಸಿದುಕೊಳ್ಳಿ.